ವ್ಯಾನಮ್ಮನ ಭವಿಷ್ಯವಾಣಿ

ಆ ಶಾಲಾ ವ್ಯಾನು ಮೊದಲು ಅವಳದಲ್ಲ, ಅವಳ ಗಂಡನದು. ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು, ಹಳದಿ ಬಣ್ಣ ಹೊಡೆಸಿ, ಮೊದಲ ದಿನ ಅವನು ಶಿಳ್ಳೆ ಹಾಕಿಕೊಂಡು ಹೋದ. ಎರಡನೆಯ ದಿನ ಶಿಳ್ಳೆ ಕೇಳಿಸಲಿಲ್ಲ. ವಾರ ತುಂಬುವುದರೊಳಗೆ ಒಂದು ಸಂಜೆ, ಅಂಗಿಯ ಜೇಬಿನಲ್ಲಿ ಯಾರದೋ ವಾಂತಿ, ತಲೆಗೂದಲಲ್ಲಿ ಯಾರದೋ ಬಬಲ್ ಗಮ್, ಎಡಗೈ ಮೇಲೆ ಯಾರದೋ ಹಲ್ಲಿನ ಗುರುತು ಹೊತ್ತುಕೊಂಡು ಬಂದವನು ಕೀಲಿಯನ್ನು ಅಡುಗೆಮನೆ ಕಟ್ಟೆಯ ಮೇಲೆ ಎಸೆದ.

"ಇವು ಮಕ್ಕಳಲ್ಲ ಕಣೆ. ನಾನು ಗ್ಯಾಸ್ ಸಿಲಿಂಡರ್ ಲಾರಿ ಓಡಿಸ್ತೀನಿ. ಅದು ಸಿಡಿದ್ರೆ ಒಂದೇ ಸಲ ಸಿಡಿಯುತ್ತೆ. ಜೀವ ಹೋಗುತ್ತೆ, ಮುಗೀತು."

ಹೇಳಿದ್ದನ್ನೇ ಮಾಡಿದ. ಗ್ಯಾಸ್ ಏಜೆನ್ಸಿಗೆ ಸೇರಿಕೊಂಡು ಸುಖವಾಗಿದ್ದ. ವ್ಯಾನು ಮನೆ ಮುಂದೆ ನಿಂತು ತುಕ್ಕು ಹಿಡಿಯಲಿಕ್ಕೆ ಶುರುವಾದಾಗ ಹೆಂಡತಿ ಡ್ರೈವಿಂಗ್ ಕಲಿಯುತ್ತೇನೆ ಅಂದಳು. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಇವಳಾ? ಇವಳ ದನಿ ನಮ್ಮನೆ ಬೆಕ್ಕಿಗೂ ಕೇಳ್ಸಲ್ಲ. ಆ ಮಕ್ಕಳು ಇವಳನ್ನ ಹುರಿದು ಮುಕ್ಕಿಬಿಡ್ತಾವೆ."

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಗ ಅವಳು ಮಾತಾಡುತ್ತಿದ್ದುದು ಅಷ್ಟಕ್ಕಷ್ಟೆ. ತರಕಾರಿ ಅಂಗಡಿಯವನು ಕೊಳೆತ ಟೊಮೆಟೊ ಹಾಕಿದರೂ ಸುಮ್ಮನೆ ತೆಗೆದುಕೊಂಡು ಬರುವವಳು. ಆದರೆ ಸ್ಟೀರಿಂಗ್ ಹಿಡಿದು ತಿಂಗಳಾಗಿರಲಿಲ್ಲ, ಅವಳ ಗಂಟಲಿನಿಂದ ಹೊರಟ "ಕೂತ್ಕೊಳ್ರೋ!" ಎಂಬ ಶಬ್ದಕ್ಕೆ ಟ್ರಾಫಿಕ್ ಪೊಲೀಸಿನವನು ತನ್ನ ಸ್ಟೂಲಿನ ಮೇಲೆ ಕೂತುಬಿಟ್ಟ. ವರ್ಷ ಕಳೆಯುವಷ್ಟರಲ್ಲಿ ಟೊಮೆಟೊ ಅಂಗಡಿಯವನು ಅವಳನ್ನು ಕಂಡರೆ ಒಳ್ಳೆಯದನ್ನೇ ಆರಿಸಿ ಇಟ್ಟಿರುತ್ತಿದ್ದ. ಮಕ್ಕಳು ಅವಳನ್ನು ಎದುರಿಗೆ ಆಂಟಿ ಅನ್ನುತ್ತಿದ್ದವು, ಬೆನ್ನ ಹಿಂದೆ ವ್ಯಾನಮ್ಮ. ಕೊನೆಗೆ ಅದೇ ನಿಂತಿತು. ಅತ್ತೆಯೂ ಅಕ್ಕಪಕ್ಕದವರ ಹತ್ತಿರ "ನಮ್ಮ ವ್ಯಾನಮ್ಮ ಬಂದ್ಲಾ?" ಎಂದು ಕೇಳುವ ಹಂತಕ್ಕೆ ಬಂದರು.

ಅವಳಿಗೆ ಸ್ವಂತಕ್ಕೆ ಮಕ್ಕಳಿರಲಿಲ್ಲ. ಅದನ್ನು ಕೆದಕಿ ಕೇಳುವ ಹೆಂಗಸರಿಗೆ "ವ್ಯಾನ್ ತುಂಬಾ ಇದಾವೆ, ಎರಡು ಇಳಿಸಿ ಹೋಗ್ಲಾ ನಿಮ್ಮನೇಲಿ?" ಅನ್ನುತ್ತಿದ್ದಳು. ಯಾರೂ ಎರಡನೆಯ ಸಲ ಕೇಳಲಿಲ್ಲ.

ವರ್ಷಗಟ್ಟಲೆ ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡಿ ನೋಡಿ ವ್ಯಾನಮ್ಮನಿಗೆ ತಾನು ಮಕ್ಕಳ ವಿಷಯದಲ್ಲಿ ಬ್ರಹ್ಮನಿಗಿಂತ ಒಂದು ಕೈ ಮೇಲು ಎಂಬ ನಂಬಿಕೆ ಬಂದಿತ್ತು. ಬ್ರಹ್ಮ ಬರೆದು ಕೈ ತೊಳೆದುಕೊಳ್ಳುತ್ತಾನೆ, ಮನೆಗೆ ತಂದು ಮುಟ್ಟಿಸುವವಳು ತಾನು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಪಾಠ ಹೇಳುತ್ತಿದ್ದಳು. ಐದಾರು ವರ್ಷದ ಗಂಡು ಅಂದರೆ ಅಳುಬುರುಕ, ಅದೇ ವಯಸ್ಸಿನ ಹೆಣ್ಣು ಅಂದರೆ ಪೊಲೀಸ್ ಇನ್‌ಸ್ಪೆಕ್ಟರ್. ಒಂಬತ್ತಕ್ಕೆ ಬರುವಾಗ ಎರಡೂ ಕೋತಿಗಳು, ವ್ಯತ್ಯಾಸ ಕಾಣದು. ಹನ್ನೊಂದು ದಾಟಿದ ಮೇಲೆ ವ್ಯಾನಿನ ನಡುವೆ ಕಾಣದ ಗೋಡೆಯೊಂದು ಏಳುತ್ತದೆ. ಆಕಡೆಯವರು ಈಕಡೆ ಬರರು. ಹದಿಮೂರು ಹದಿನಾಲ್ಕಕ್ಕೆ ಗಂಡು ನಾರುತ್ತಾನೆ, ನಾರುವುದು ಗೊತ್ತಾದ ದಿನ ಅಪ್ಪನ ಸೆಂಟಿನ ಬಾಟಲಿ ಪೂರ್ತಿ ಸುರಿದುಕೊಂಡು ಬರುತ್ತಾನೆ; ಆ ದಿನ ಕಿಟಕಿ ತೆಗೆಯಲೇಬೇಕು. ಹೆಣ್ಣು ಆ ವಯಸ್ಸಿಗೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಲು ಶುರುಮಾಡುತ್ತಾಳೆ, ಹಲ್ಲು ಉದುರಿದ ಮುದುಕಿಯ ಹಾಗೆ. ಹದಿನಾರಕ್ಕೆ ಎಲ್ಲರ ಕಿವಿಗೂ ವೈರು. ವ್ಯಾನಿಗೆ ಬೆಂಕಿ ಬಿದ್ದರೂ ಹಾಡು ಮುಗಿದ ಮೇಲೇ ಇಳಿಯುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವಳು ಭವಿಷ್ಯವನ್ನೂ ಹೇಳುತ್ತಿದ್ದಳು. ಯಾವ ಮಗು ಮುಂದೆ ಏನಾಗುತ್ತದೆ ಎಂದು ಮೊದಲ ವಾರವೇ ತೀರ್ಮಾನ. "ಬೆಳೆಯುವ ಸಿರಿ ಮೊಳಕೇಲೇ ಗೊತ್ತಾಗುತ್ತೆ" ಎಂದರೆ ಗಂಡ ತಟ್ಟೆಯಿಂದ ತಲೆ ಎತ್ತದೆ, "ಮೊಳಕೆ ಎಲ್ಲಾ ಒಂದೇ ಥರ ಇರುತ್ತೆ ಕಣೆ" ಅನ್ನುತ್ತಿದ್ದ.

ಇಂಥ ಒಂದು ವರ್ಷ ಇಬ್ಬರು ಒಟ್ಟಿಗೆ ವ್ಯಾನು ಹತ್ತಿದರು. ಒಂದು ಹೆಣ್ಣು, ಒಂದು ಗಂಡು. ಇಬ್ಬರೂ ಒಂದನೆಯ ತರಗತಿ.

ಹುಡುಗಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರ ಮಗಳು. ಕಡ್ಡಿಯಂಥ ಕಾಲು, ಎರಡು ಜುಟ್ಟು, ಆ ಮೈಯಿಂದ ಹೊರಡುತ್ತದೆ ಎಂದು ನಂಬಲಾಗದ ಗಂಟಲು. ಮೊದಲ ದಿನವೇ ಬಾಗಿಲಲ್ಲಿ ನಿಂತು, "ಆಂಟಿ, ಇನ್ನೊಬ್ಬ ಬರ್ಬೇಕು, ಹೋಲ್ಡಾನ್!" ಎಂದು ಕೂಗಿದಾಗ ಮುಂದಿನ ಆಟೋದವನೂ ಬ್ರೇಕ್ ಹಾಕಿದ. ವ್ಯಾನಮ್ಮ ಅಲ್ಲೇ ಅವಳಿಗೆ ತುತ್ತೂರಿ ಎಂದು ಹೆಸರಿಟ್ಟು ಕಂಡಕ್ಟರ್ ಕೆಲಸ ಕೊಟ್ಟಳು. ಎಲ್ಲರೂ ಹತ್ತಿದರಾ ನೋಡಿ ಬಾಗಿಲಿಗೆ ಎರಡು ಸಲ ಬಡಿದು "ರೈಟ್!" ಅನ್ನುವುದು ಅವಳ ಅಧಿಕಾರ. ದೊಡ್ಡ ತರಗತಿಯ ಹುಡುಗರೂ ಅವಳು ಬೊಟ್ಟು ತೋರಿಸಿದ ಸೀಟಿನಲ್ಲಿ ಕೂರುತ್ತಿದ್ದರು.

ಹುಡುಗನ ಕತೆ ಬೇರೆ. ಅವನನ್ನು ಅಮ್ಮನಿಂದ ಬಿಡಿಸುವುದು ಗೋಡೆಗೆ ಅಂಟಿಸಿದ ಚುನಾವಣೆ ಪೋಸ್ಟರನ್ನು ಕೀಳುವ ಕೆಲಸ. ಒಂದು ಕೈ ಬಿಡಿಸಿದರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಒಳಗೆ ಕೂರಿಸಿದ ಮೇಲೆ ಕಿಟಕಿಯ ಗಾಜಿಗೆ ಮೂಗು ಒತ್ತಿ ಶಾಲೆ ಬರುವವರೆಗೂ ಅಳುತ್ತಿದ್ದ. ಗಾಜಿನ ಮೇಲೆ ಬಸವನಹುಳು ಹರಿದ ಹಾಗೆ ಗೆರೆ. ಅವನ ಹೆಸರು ಅಂಟು.

"ತುತ್ತೂರಿ ಮಂತ್ರಿ ಆಗ್ತಾಳೆ, ಇಲ್ಲಾ ಜೈಲಿಗೆ ಹೋಗ್ತಾಳೆ. ಎರಡೂ ಆದ್ರೂ ಆಶ್ಚರ್ಯ ಇಲ್ಲ" ಎಂದು ವ್ಯಾನಮ್ಮ ಗಂಡನಿಗೆ ಹೇಳಿದಳು. "ಅಂಟು ಮಾತ್ರ ಮದುವೆ ಮಂಟಪಕ್ಕೂ ಅಮ್ಮನ ಸೊಂಟದ ಮೇಲೇ ಹೋಗೋದು."

ಐದಾರು ವರ್ಷ ಭವಿಷ್ಯ ಸರಿಯಾಗಿಯೇ ಸಾಗಿತು. ತುತ್ತೂರಿ ಆಳಿದಳು, ಅಂಟು ಆಳಿಸಿಕೊಂಡ.

ಆಮೇಲೆ ಒಂದು ಬೆಳಿಗ್ಗೆ ತುತ್ತೂರಿ ವ್ಯಾನು ಹತ್ತಿದವಳು ಬಾಗಿಲ ಬಳಿ ನಿಲ್ಲದೆ, ಬ್ಯಾಗನ್ನು ಮಡಿಲಲ್ಲಿ ಅಪ್ಪಿಕೊಂಡು, ಹಿಂದಿನ ಸೀಟಿನ ಮೂಲೆಗೆ ಹೋಗಿ ಕೂತಳು. ಆಗ ಅವಳಿಗೆ ಹನ್ನೆರಡು. ಜುಟ್ಟು ಹೋಗಿ ಒಂದೇ ಜಡೆ ಬಂದಿತ್ತು.

"ಏ ಕಂಡಕ್ಟರಮ್ಮ, ರೈಟ್ ಯಾರು ಹೇಳೋದು, ನಿಮ್ಮಪ್ಪನಾ?"

"ನಂಗೆ ಬೇಡ ಆಂಟಿ."

"ಯಾಕೆ? ಹುಷಾರಿಲ್ವಾ?"

"ಬೇಡ ಅಷ್ಟೇ."

ಅಷ್ಟೇ ಅಂದರೆ ಅಷ್ಟೇ. ಮಾರನೆಯ ದಿನವೂ ಅದೇ ಮೂಲೆ, ಮಾರನೆಯ ವಾರವೂ ಅದೇ. ಏನಾದರೂ ಕೇಳಿದರೆ ತುಟಿ ಅಲುಗಿಸುತ್ತಿದ್ದಳು, ದನಿ ಬರುತ್ತಿರಲಿಲ್ಲ. ವ್ಯಾನಮ್ಮನಿಗೆ ಉರಿದುಹೋಯಿತು. ಇಷ್ಟು ದಿನ ತಲೆ ಮೇಲೆ ಹೊತ್ತು ಮೆರೆಸಿದವಳು ತಾನು; ಈಗ ತನ್ನ ಮುಖ ನೋಡಿ ಮಾತಾಡಲೂ ಇವಳಿಗೆ ಕಷ್ಟವೋ? "ಜಂಬ ಬಂದಿದೆ" ಎಂದು ತೀರ್ಪು ಕೊಟ್ಟು, ಕಂಡಕ್ಟರ್ ಕೆಲಸವನ್ನು ಅಂಟುವಿಗೆ ಕೊಟ್ಟಳು.

ಅಂಟು ಆ ಹೊತ್ತಿಗೆ ಬೇರೆಯದೇ ಪ್ರಾಣಿಯಾಗಿದ್ದ. ಒಂದೇ ರಜೆಯಲ್ಲಿ ಮೊಳ ಉದ್ದ ಬೆಳೆದು, ಗಂಟಲು ಒಡೆದು, ಮೂಗಿನ ಕೆಳಗೆ ಮಸಿ ಬಳಿದ ಹಾಗೆ ಏನೋ ಬಂದಿತ್ತು. ಅಮ್ಮ ವ್ಯಾನಿನ ತನಕ ಬಂದರೆ "ಹೋಗಮ್ಮ ನೀನು" ಎಂದು ಗದರುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅಂಟುವಿಗೆ ಬಾಗಿಲು ಸಿಕ್ಕಿತು. ಅರ್ಧ ಮೈ ಹೊರಗೆ ಹಾಕಿ ನಿಂತು, ದಾರಿಯಲ್ಲಿ ಹುಡುಗಿಯರು ಕಂಡಾಗ ಬಾಗಿಲು ಬಡಿಯುವ ಸದ್ದು ಮೂರು ಪಟ್ಟು. ಸಣ್ಣವರಿಗೆ ತಲೆಗೊಂದು ಮೊಟಕು. ಅವನ ಬ್ಯಾಗಿನಲ್ಲಿ ಪುಸ್ತಕವೊಂದು ಬಿಟ್ಟು ಬಾಕಿ ಎಲ್ಲವೂ ಇರುತ್ತಿತ್ತು, ಕಳೆದ ತಿಂಗಳ ಬಾಳೆಹಣ್ಣಿನ ಸಿಪ್ಪೆಯೂ ಸೇರಿ. ಆದರೂ ವ್ಯಾನಮ್ಮ ಅವನನ್ನು ಹೊಗಳಿದಳು. "ನೋಡ್ರೀ, ಗಂಡು ಹುಡುಗ್ರು ವಯಸ್ಸಿಗೆ ಬಂದ್ರೆ ಜವಾಬ್ದಾರಿ ತಾನಾಗೇ ಬರುತ್ತೆ. ಹೆಣ್ಣುಮಕ್ಕಳಿಗೆ ಕನ್ನಡಿ ಬರುತ್ತೆ."

ಗಂಡ ಕೇಳಿದ, "ಅವನು ಸೊಂಟದ ಮೇಲೆ ಹೋಗೋನು ಅಂದಿದ್ದೆ?"

"ಮಜ್ಜಿಗೆ ಹಾಕ್ಲಾ?" ಅಂದಳು ವ್ಯಾನಮ್ಮ.

ಆ ವರ್ಷದ ಕೊನೆಗೆ ಒಂದು ದಿನ ಮೇಷ್ಟ್ರ ಸ್ಕೂಟರು ಕೆಟ್ಟಿತು. ಮಗಳ ಜೊತೆ ಅವರೂ ವ್ಯಾನಿಗೆ ಬಂದು ಮುಂದಿನ ಸೀಟಿನಲ್ಲಿ ಕೂತರು. ಮಡಿಲಲ್ಲಿ ಊಟದ ಡಬ್ಬಿ, ಡಬ್ಬಿಯ ಮೇಲೆ ಎರಡೂ ಕೈ. ಹಿಂದೆ ಅಂಟು ಯಾರಿಗೋ ಮೊಟಕಿದ, ಯಾರೋ ಚೀರಿದರು, ಯಾರದೋ ಬೂಟು ಹಾರಿ ಬಂದು ಗೇರಿನ ಪಕ್ಕ ಬಿತ್ತು. ಮೇಷ್ಟ್ರು ಬೂಟನ್ನೆತ್ತಿ ಮೂಸಿ ನೋಡಿ ಕೆಳಗಿಟ್ಟು, ಬಹಳ ಸಮಾಧಾನದಿಂದ ಹೇಳಿದರು:

"ಈ ವಯಸ್ಸೇ ಹಾಗಮ್ಮ. ನಾವು ಕಾಲೇಜಿಂದ ಎಷ್ಟೋ ಹುಡುಗ ಹುಡುಗಿಯರನ್ನ ಕೂರಿಸಿಕೊಂಡು ಕೇಳಿ ನೋಡಿದೀವಿ. ಹನ್ನೆರಡರಿಂದ ಹದಿನೈದರ ತನಕ ಶಿಸ್ತು, ಹೇಳಿದ ಮಾತು ಕೇಳೋದು, ಬೇರೆಯವರ ಬಗ್ಗೆ ಕನಿಕರ, ಎಲ್ಲಾ ಒಂದು ಮೆಟ್ಟಿಲು ಕೆಳಗಿಳಿಯುತ್ತೆ. ಗಂಡುಮಕ್ಕಳಲ್ಲಿ ಎರಡು ಮೆಟ್ಟಿಲು ಅಂತಿಟ್ಕೊಳಿ. ಹೆಣ್ಣುಮಕ್ಕಳಿಗೆ ಮನಸ್ಸಿನೊಳಗೆ ಆತಂಕ ಜಾಸ್ತಿ ಆಗುತ್ತೆ. ಆಮೇಲೆ ಮತ್ತೆ ಮೇಲಕ್ಕೆ ಹತ್ತುತ್ತಾರೆ. ಈಗಲೇ ಇವನು ಹೀಗೆ, ಇವಳು ಹಾಗೆ ಅಂತ ಷರಾ ಬರೆದುಬಿಡಬಾರದು."

ಷರಾ ಬರೆಯುವುದೇ ವ್ಯಾನಮ್ಮನ ಜೀವನದ ಸುಖ. ಅವಳಿಗೆ ಕೆರಳಿತು. "ಮೆಟ್ಟಿಲು ಗಿಟ್ಟಿಲು ಇರ್ಲಿ ಸಾರ್. ನಿಮ್ಮ ಮಗಳ ಬಾಯಿ ಎಲ್ಲಿ ಹೋಯ್ತು, ಮೊದಲು ಅದು ಹೇಳಿ. ವರ್ಷ ಆಯ್ತು, ಒಂದು ಮಾತಿಲ್ಲ, ಕತೆಯಿಲ್ಲ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವಳ ಮುಖವನ್ನೇ ನೋಡಿದರು. "ಎಲ್ಲಿ ಹೋಗುತ್ತೆ? ನಮ್ಮನೇಲೇ ಇದೆಯಲ್ಲ! ನಿನ್ನೆ ರಾತ್ರಿ ಅವಳ ತಮ್ಮನಿಗೆ ಬೈದಿದ್ದು ಮೂರನೇ ಮಹಡಿಯವರಿಗೆ ಕೇಳಿದೆ. ನನಗೂ ಇವಳಮ್ಮನಿಗೂ ಮಾತಾಡೋಕೆ ಸರದಿ ಸಿಗಲ್ಲ. ವ್ಯಾನಲ್ಲಿ ಸುಮ್ಮನಿರ್ತಾಳಾ? ಇವಳಾ?"

ಇಬ್ಬರೂ ಒಟ್ಟಿಗೆ ಕನ್ನಡಿ ನೋಡಿದರು. ತುತ್ತೂರಿ ಮೂಲೆಯಲ್ಲಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದಳು.

ಮೇಷ್ಟ್ರು ಕಾಲೇಜಿನ ಬಳಿ ಇಳಿದು ಹೋದರು. ಮಾತು ಮಾತ್ರ ವ್ಯಾನಮ್ಮನ ತಲೆಯಲ್ಲೇ ಕೂತಿತು. ಹುಡುಗಿ ಬದಲಾಗಿಲ್ಲ, ವ್ಯಾನಿನೊಳಗೆ ಮಾತ್ರ ಬದಲಾಗಿದ್ದಾಳೆ. ಅಂದರೆ ರೋಗ ವ್ಯಾನಿನದು.

ಅವಳಿಗೆ ತನ್ನ ಹನ್ನೆರಡನೆಯ ವಯಸ್ಸು ನೆನಪಾಯಿತು. ಬಹಳ ದಿನದಿಂದ ಅದರ ಕಡೆಗೆ ತಿರುಗಿ ನೋಡಿರಲಿಲ್ಲ. ಆಗ ಅವಳೂ ಓಣಿಯ ಗಂಡುಹುಡುಗರನ್ನು ಕೂಗಿ ಕರೆದು ಆಟಕ್ಕೆ ಸೇರಿಸುತ್ತಿದ್ದವಳು. ಒಂದು ದಿನ ಅಜ್ಜಿ ಒಳಗೆ ಕರೆದು, "ಇನ್ಮೇಲೆ ನಿನ್ನ ನಗು ಹೊಸಿಲು ದಾಟಬಾರದು" ಅಂದಳು. ಹೊಡೆಯಲಿಲ್ಲ, ಬಯ್ಯಲಿಲ್ಲ. ಅಷ್ಟೇ ಸಾಕಾಯಿತು. ಹೊಸಿಲ ಒಳಗೇ ಉಳಿದ ದನಿ ಮತ್ತೆ ಹೊರಗೆ ಬರಲಿಕ್ಕೆ ಒಂದು ಹಳದಿ ವ್ಯಾನು ಬೇಕಾಯಿತು.

ಹಾಗಾಗಿ ಅವಳು ತುತ್ತೂರಿಯನ್ನು ಸರಿಮಾಡಲು ಹೊರಟಳು. ವ್ಯಾನಮ್ಮ ಸರಿಮಾಡಲು ಹೊರಟರೆ ಏನಾಗುತ್ತದೋ ಅದೇ ಆಯಿತು. ಮೊದಲ ದಿನ ಹುಡುಗಿಯನ್ನು ಎಳೆದು ಮುಂದಿನ ಸೀಟಿನಲ್ಲಿ ಕೂರಿಸಿ, "ಎಲ್ರೂ ಕೇಳ್ರಿ, ಇವಳು ಮಾತಾಡ್ತಾಳೆ!" ಎಂದು ಸಾರಿದಳು. ತುತ್ತೂರಿ ಕಿವಿಯವರೆಗೆ ಕೆಂಪಾಗಿ ಕಿಟಕಿಯ ಕಡೆ ತಿರುಗಿದಳು. ಇಳಿಯುವವರೆಗೂ ತಿರುಗಿದ ಕತ್ತು ತಿರುಗಿದಂತೇ ಇತ್ತು. ಆಮೇಲೆ ಹುಡುಗರ ಕಾಟವೇ ಕಾರಣವಿರಬೇಕು ಎಂದು ಹುಡುಗರು ಎಡಕ್ಕೆ, ಹುಡುಗಿಯರು ಬಲಕ್ಕೆ ಎಂದು ಕಾನೂನು ಮಾಡಿದಳು. ಅದುವರೆಗೆ ಕಾಣದ ಗೋಡೆಯಾಗಿದ್ದದ್ದು ಈಗ ಗಡಿಯಾಯಿತು. ಗಡಿಯೆಂದ ಮೇಲೆ ಯುದ್ಧ ಬೇಡವೇ? ರಬ್ಬರ್ ಬ್ಯಾಂಡು, ನೀರಿನ ಬಾಟಲಿ, ಪೆನ್ನಿನ ಶಾಯಿ. ಮೂರನೆಯ ದಿನ ಒಬ್ಬಳು ಹುಡುಗಿ ಶತ್ರುಪಾಳೆಯದ ಟೈಯನ್ನು ಕತ್ತರಿಯಿಂದ ಅರ್ಧ ಕತ್ತರಿಸಿದಾಗ ಹೆಡ್‌ಮಿಸ್ ಕರೆಸಿ, "ನಿಮ್ಮದು ವ್ಯಾನೋ, ಕುಸ್ತಿ ಅಖಾಡಾನೋ?" ಎಂದು ಕೇಳಿದರು. ಕಾನೂನು ರದ್ದಾಯಿತು.

ಆ ಯುದ್ಧದಲ್ಲಿ ಕೂಗಿ ಕೂಗಿ ವ್ಯಾನಮ್ಮನ ಗಂಟಲು ಹೋಯಿತು. ಮೊದಲು ಕರಕರ, ಆಮೇಲೆ ಬರೀ ಗಾಳಿ. ಡಾಕ್ಟರು ಬ್ಯಾಟರಿ ಹಾಕಿ ಗಂಟಲೊಳಗೆ ಇಣುಕಿ, "ದನಿಯ ತಂತಿ ಊದಿಕೊಂಡಿದೆ. ಇನ್ನು ಕೆಲವು ವಾರ ಪಿಸುಮಾತೂ ಆಡೋ ಹಾಗಿಲ್ಲ. ಆಡಿದ್ರೆ ಇದ್ದದ್ದೂ ಹೋಗುತ್ತೆ" ಎಂದರು. ಮನೆಗೆ ಬಂದು ಸನ್ನೆಯಲ್ಲಿ ಇದನ್ನು ತಿಳಿಸಿದಾಗ ಅತ್ತೆ ಸಂತಾಪ ಸೂಚಿಸಿದರು. ಗಂಡ ಪಕ್ಕದ ಕೋಣೆಗೆ ಹೋಗಿ ನಕ್ಕು ಬಂದ. ಇವಳಿಗೆ ಅವನ ಮುಖ ನೋಡಿಯೇ ಗೊತ್ತಾಯಿತು. ಆದರೆ ಬಯ್ಯುವುದು ಹೇಗೆ?

ದನಿಯಿಲ್ಲದ ವ್ಯಾನಮ್ಮ, ದನಿಯಿರುವ ಅಂಟು. ವ್ಯಾನು ಒಂದೇ ದಿನದಲ್ಲಿ ಸಂತೆಯಾಯಿತು. ಅಂಟು ಗರ್ಜಿಸಿದಷ್ಟೂ ಯಾರೂ ಲೆಕ್ಕಕ್ಕಿಡಲಿಲ್ಲ. ಇಷ್ಟು ದಿನ ಅವನ ಮಾತು ನಡೆದಿದ್ದು ಅವನ ಬೆನ್ನಿಗಿದ್ದ ವ್ಯಾನಮ್ಮನ ಗಂಟಲಿನಿಂದ ಎಂಬುದು ಸಣ್ಣವರಿಗೂ ತಿಳಿದುಹೋಯಿತು.

ಅದೇ ವಾರ ಒಂದು ಸಂಜೆ, ಶಾಲೆಯ ಅಂಗಳದಲ್ಲಿ ವ್ಯಾನು ಹಿಂದಕ್ಕೆ ತೆಗೆಯಬೇಕಿತ್ತು. ಮಾಮೂಲಾದರೆ ವ್ಯಾನಮ್ಮ ತಲೆ ಹೊರಹಾಕಿ ಒಂದು ಬೊಬ್ಬೆ ಹೊಡೆಯುತ್ತಿದ್ದಳು. ಅಂಗಳದಲ್ಲಿದ್ದ ನಾಯಿಯೂ ಜಾಗ ಖಾಲಿ ಮಾಡುತ್ತಿತ್ತು. ಈಗ ಅಂಟುವಿನ ಕಡೆ ನೋಡಿ ಕೈ ಬೀಸಿದಳು. ಅಂಟು ಬಾಗಿಲಲ್ಲಿ ಜೋತುಬಿದ್ದು, ಗೇಟಿನ ಬಳಿ ನಿಂತಿದ್ದ ಅವನ ತರಗತಿಯ ಹುಡುಗಿಯರಿಗೆ ಕಾಣುವಂತೆ ಕಾಲರ್ ಎತ್ತಿಕೊಂಡು, ಹಿಂದೆ ತಿರುಗಿಯೂ ನೋಡದೆ ಬಾಗಿಲು ಬಡಿದ. "ಬರ್ಲಿ, ಬರ್ಲಿ, ರೈಟ್!"

ವ್ಯಾನು ಹಿಂದಕ್ಕೆ ಸರಿಯಿತು.

"ನಿಲ್ಸೀ!"

ಆ ಕೂಗು ಹಿಂದಿನ ಮೂಲೆಯಿಂದ ಬಂತು. ವ್ಯಾನಮ್ಮನ ಕಾಲು ಅವಳ ಅಪ್ಪಣೆಗೆ ಕಾಯದೆ ಬ್ರೇಕಿನ ಮೇಲೆ ಬಿತ್ತು. ಎಲ್ಲರ ತಲೆಯೂ ಸೀಟಿನ ಬೆನ್ನಿಗೆ ಬಡಿಯಿತು. ಸಂತೆ ನಿಂತುಹೋಯಿತು. ತುತ್ತೂರಿ ಹಿಂದಿನ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಳು.

ವ್ಯಾನಿನ ಹಿಂದಿನ ಚಕ್ರದ ಪಕ್ಕದಿಂದ ಒಂದು ಟೋಪಿ ಎದ್ದಿತು, ಟೋಪಿಯ ಕೆಳಗೆ ಬಟನ್. ಒಂದನೆಯ ತರಗತಿಯ ಹುಡುಗ. ಅಂಗಿಯ ಬಟನ್ನು ಎಂದೂ ಅದರದರ ತೂತಿನಲ್ಲಿ ಇರುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅವನು ಮೊಣಕಾಲಿನ ಮಣ್ಣು ಒರೆಸಿಕೊಂಡು, ಕೈ ಎತ್ತಿ ತೋರಿಸಿದ. "ಆಂಟಿ, ನನ್ ರಬ್ಬರ್ ಸಿಕ್ತು!"

ಚಕ್ರಕ್ಕೂ ಅವನಿಗೂ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ.

ವ್ಯಾನಮ್ಮ ಇಳಿದು ಹೋಗಿ ಅವನನ್ನು ಎತ್ತಿಕೊಂಡಳು. ಬಯ್ಯಬೇಕು, ಬಾಯಿ ತೆರೆದಳು, ಗಾಳಿ ಬಂತು. ಅವನ ಹೆಗಲಿನಲ್ಲಿ ಮುಖ ಹುದುಗಿಸಿ ನಿಂತಳು. "ಆಂಟಿ, ಕೆಳಗಿಳ್ಸಿ, ರಬ್ಬರ್ ಬೀಳುತ್ತೆ" ಅಂದ ಬಟನ್.

ಅಂಟು ಬಾಗಿಲಿಂದ ಇಳಿದು ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ, ಮಧ್ಯಾಹ್ನ ಉಂಡದ್ದನ್ನೆಲ್ಲ ಕಕ್ಕಿದ. ಆಮೇಲೆ ಅಲ್ಲೇ ಕೂತು ಅತ್ತ. ಗೇಟಿನ ಹುಡುಗಿಯರು ನೋಡುತ್ತಿದ್ದರು, ಅವನಿಗೆ ಗೊತ್ತಿತ್ತು, ಆದರೂ ಅತ್ತ. ಯಾರೂ ನಗಲಿಲ್ಲ. ವ್ಯಾನಮ್ಮ ಅವನ ರಟ್ಟೆ ಹಿಡಿದು ಎಬ್ಬಿಸಿ, ಕೈವಸ್ತ್ರ ಕೊಟ್ಟು, ಒಳಗೆ ಕೂರಿಸಿದಳು. ತಪ್ಪು ಅವನೊಬ್ಬನದಲ್ಲ, ಕಣ್ಣಿಲ್ಲದವನ ಕೈಗೆ ಬಾಗಿಲು ಕೊಟ್ಟವಳು ಯಾರು?

ಆ ಸಂಜೆ ಬಟನ್‌ನ ಮನೆಯ ಬಾಗಿಲಲ್ಲಿ ನಿಂತು, ಅಂಟುವಿನ ಬಾಯಿಂದ ನಡೆದದ್ದನ್ನೆಲ್ಲ ಹೇಳಿಸಿದಳು. ಬಟನ್‌ನ ತಾಯಿ ಇಬ್ಬರಿಗೂ ಸೇರಿಸಿ ಬೈದರು. ಇಬ್ಬರೂ ತಲೆತಗ್ಗಿಸಿ ಕೇಳಿಸಿಕೊಂಡರು. ಮಾರನೆಯ ದಿನದಿಂದ, ಬಟನ್‌ನ ಕೈ ಹಿಡಿದು ಹತ್ತಿಸುವುದು, ಇಳಿಸಿ ಮನೆ ಬಾಗಿಲಿಗೆ ಬಿಡುವುದು ಅಂಟು ತಾನಾಗಿ ವಹಿಸಿಕೊಂಡ ಕೆಲಸವಾಯಿತು.

ತುತ್ತೂರಿ ಎರಡು ದಿನ ಶಾಲೆಗೇ ಬರಲಿಲ್ಲ. ಬಂದ ದಿನ ವ್ಯಾನಮ್ಮ ಬಾಗಿಲನ್ನು ತೋರಿಸಿ, ಎರಡು ಸಲ ಬಡಿದು, ಕೈ ಮುಗಿದಳು. ಇನ್ನು ನೀನೇ ಕಣಮ್ಮ ಎಂಬ ಅರ್ಥ. ಹುಡುಗಿ ತಲೆಯಾಡಿಸಿದಳು.

"ಕೂಗ್ಬೇಕಾದಾಗ ಕೂಗ್ತೀನಿ ಆಂಟಿ. ದಿನಾ ಯಾಕೆ ಕೂಗ್ಲಿ? ನಾನೇನು ಹಾರ್ನಾ?"

ಆದರೆ ಮೂಲೆಗೆ ಹೋಗಲಿಲ್ಲ, ಮುಂದಿನ ಸೀಟಿಗೆ ಬಂದು ಕೂತಳು. ಅವಳೇ ಕೊನೆಯ ಸ್ಟಾಪಿನವಳಾದ್ದರಿಂದ, ಉಳಿದವರು ಇಳಿದ ಮೇಲೆ ವ್ಯಾನಿನಲ್ಲಿ ಇಬ್ಬರೇ. ಕೇಳುವವರು ನಡುವೆ ಬಾಯಿ ಹಾಕಲಾರರು ಎಂಬ ಧೈರ್ಯದ ಮೇಲೋ ಏನೋ, ಅವಳು ಮಾತಾಡಿದಳು. ಮೊದಲು ತಮ್ಮನ ವಿಷಯ, ಲೆಕ್ಕದ ಮಿಸ್ಸಿನ ವಿಷಯ. ನಾಲ್ಕನೆಯ ದಿನವೋ ಐದನೆಯ ದಿನವೋ, ಸಿಗ್ನಲಿನಲ್ಲಿ ನಿಂತಿದ್ದಾಗ, ರಸ್ತೆಯನ್ನೇ ನೋಡುತ್ತ ಹೇಳಿದಳು:

"ಆವತ್ತು ನಾನ್ಯಾಕೆ ರೈಟ್ ಹೇಳೋದು ಬಿಟ್ಟೆ ಗೊತ್ತಾ ಆಂಟಿ? ನೀವು ಅಂಟು ಅವರಮ್ಮನ ಹತ್ರ ಅಂದ್ರಲ್ಲ. 'ಇದು ಹೆಣ್ಣಲ್ಲ, ಲಂಗ ಹಾಕ್ಕೊಂಡ ಗಂಡು. ಇದನ್ನ ಕಟ್ಕೊಳ್ಳೋನು ಕಿವಿಗೆ ಹತ್ತಿ ಇಟ್ಕೊಂಡೇ ಬರ್ಬೇಕು' ಅಂತ. ಹುಡುಗ್ರೆಲ್ಲಾ ಕೇಳಿಸ್ಕೊಂಡ್ರು. ಒಂದು ತಿಂಗಳು, ನಾನು ಬಾಯಿ ತೆಗೆದ್ರೆ ಸಾಕು, ಎಲ್ರೂ ಕಿವೀಗೆ ಬೆರಳು ಹಾಕ್ಕೋತಿದ್ರು."

ವ್ಯಾನಮ್ಮನಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ದಿನಕ್ಕೆ ಅಂಥವು ಇಪ್ಪತ್ತು ಆಡುತ್ತಿದ್ದಳು. ಆಡಿದ್ದು ಗಾಳಿಗೆ ಹೋಯಿತು ಎಂದುಕೊಂಡಿದ್ದಳು. ತಮಾಷೆಗೆ ಅಂದೆ ಕಣೆ ಎನ್ನಲು ಬಾಯಿ ತೆರೆದಳು. ಡಾಕ್ಟರ ಅಪ್ಪಣೆ ಅಡ್ಡ ಬಂತು. ಸಿಗ್ನಲು ಹಸಿರಾಯಿತು, ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೆದರು, ಅವಳು ಗೇರು ಹಾಕಲಿಲ್ಲ. ಅಜ್ಜಿಯೇನೋ ಒಳಗೆ ಕರೆದು, ಬಾಗಿಲು ಮುಚ್ಚಿ ಹೇಳಿದ್ದಳು. ತಾನು ವ್ಯಾನಿನ ತುಂಬ ಜನ ಇರುವಾಗ ಹೇಳಿದ್ದಳು.

"ಹೋಗಿ ಆಂಟಿ, ಹಿಂದಿನ ಲಾರಿಯವನು ಇಳಿದು ಬರ್ತಿದಾನೆ" ಅಂದಳು ತುತ್ತೂರಿ.

ದನಿ ವಾಪಸು ಬಂದ ದಿನ ವ್ಯಾನಮ್ಮ ಮೊದಲು ಗಂಡನಿಗೆ ಬಾಕಿಯಿದ್ದ ಬೈಗುಳವನ್ನು ತೀರಿಸಿದಳು. ಮಾರನೆಯ ಬೆಳಿಗ್ಗೆ ತುತ್ತೂರಿ ಹತ್ತಿದಾಗ, ಎಲ್ಲರ ಎದುರಿಗೇ, "ಆವತ್ತು ನಾನು ಅಂದಿದ್ದು ಕೊಳಕು ಮಾತು. ತಪ್ಪಾಯ್ತು" ಎಂದಳು. ಹುಡುಗಿ, "ಅಯ್ಯೋ, ಎಲ್ರ ಮುಂದೆ ಯಾಕೆ ಆಂಟಿ!" ಎಂದು ಬ್ಯಾಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂದೂ ಸರಿಹೋಗಲಿಲ್ಲ ಎಂದು ವ್ಯಾನಮ್ಮ ಹಲ್ಲು ಕಚ್ಚಿ ಗಾಡಿ ಬಿಟ್ಟಳು.

ಮೇಷ್ಟ್ರು ಹೇಳಿದ ಮೆಟ್ಟಿಲುಗಳು ಆಮೇಲಿನ ವರ್ಷಗಳಲ್ಲಿ ಅವಳ ಕಣ್ಣೆದುರಿಗೇ ಒಂದೊಂದಾಗಿ ಕಂಡವು. ಅಂಟು ಹದಿನಾರಕ್ಕೆ ಬರುವಾಗ ಅಂಗಿಗೆ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದ. ಬ್ಯಾಗಿನಲ್ಲಿ ಪುಸ್ತಕಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಸೆಂಟು ಇತ್ತು, ಆದರೆ ಕಿಟಕಿ ತೆಗೆಯುವಷ್ಟಲ್ಲ. ಮೇಷ್ಟ್ರು ಎದುರಾದಾಗಲೆಲ್ಲ "ಹೇಗಿದಾನೆ ನಿಮ್ಮ ಕಂಡಕ್ಟರು?" ಎಂದು ಕೇಳಿ ಮೀಸೆಯಡಿಯಲ್ಲಿ ನಗುತ್ತಿದ್ದರು. ಅವರು ಹೇಳಿದ್ದೇ ಸರಿಯಾಗಿದ್ದರಿಂದ ವ್ಯಾನಮ್ಮನಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಅಂಟು ಶಾಲೆ ಮುಗಿಸಿ ನರ್ಸಿಂಗ್ ಸೇರಿದ. ಅಮ್ಮನ ಸೊಂಟ ಬಿಟ್ಟವನು ಈಗ ಊರಿನ ಅಮ್ಮಂದಿರ ಸೊಂಟಕ್ಕೆಲ್ಲ ಇಂಜೆಕ್ಷನ್ ಕೊಡುತ್ತಾನೆ. ಅತ್ತೆಯವರು ಅವನ ಕೈಯೇ ಹಗುರ ಎಂದು ಅವನಿಗಾಗಿ ಕಾದು ಕೂರುತ್ತಾರೆ.

ತುತ್ತೂರಿ ಮಂತ್ರಿಯಾಗಲಿಲ್ಲ, ಜೈಲಿಗೂ ಹೋಗಲಿಲ್ಲ. ಮಣ್ಣು ಪರೀಕ್ಷೆ ಮಾಡುವ ಓದಿಗೆ ಸೇರಿದಳು. ಮಣ್ಣೇ ಯಾಕೆ ಎಂದು ಕೇಳಿದರೆ, "ಅದು ನನ್ನ ಬಗ್ಗೆ ಏನೂ ಹೇಳಲ್ಲ, ನಾನೇ ಅದರ ಬಗ್ಗೆ ಹೇಳ್ಬೇಕು" ಅಂದಳು. ಅವಳ ದನಿ ಈಗ ಬೇಕೆಂದಾಗ ತುತ್ತೂರಿ, ಬೇಡವೆಂದಾಗ ಕೊಳಲು. ಯಾವಾಗ ಯಾವುದು ಎಂಬುದು ಅವಳಿಷ್ಟ.

ಹದಿನೆಂಟು ತುಂಬಿದ ತಿಂಗಳು ಅವಳು ಒಂದು ಭಾನುವಾರ ವ್ಯಾನಮ್ಮನ ಮನೆ ಬಾಗಿಲಿಗೆ ಬಂದು, "ಆಂಟಿ, ಗಾಡಿ ಓಡಿಸೋದು ಕಲಿಸಿ" ಎಂದಳು. ವ್ಯಾನಮ್ಮ ಹಿಗ್ಗಿ ಹೀರೇಕಾಯಿಯಾದಳು. ಈ ಹುಡುಗಿ ಸ್ಟೀರಿಂಗ್ ಹಿಡಿದರೆ ವಿಮಾನವನ್ನೇ ಎಬ್ಬಿಸುತ್ತಾಳೆ ಎಂದು ಗಂಡನಿಗೆ ಹೇಳಿ, ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಖಾಲಿ ಮೈದಾನ. ತುತ್ತೂರಿ ಸೀಟು ಹೊಂದಿಸಿಕೊಂಡಳು. ಕನ್ನಡಿ ಹೊಂದಿಸಿಕೊಂಡಳು. ಇಳಿದು ಹೋಗಿ ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ನಾಲ್ಕೂ ಚಕ್ರದ ಕೆಳಗೆ ನೋಡಿ ಬಂದಳು. ಮತ್ತೆ ಕನ್ನಡಿ. ವ್ಯಾನು ಹೊರಟಿತು. ಹೊರಟಿತು ಎಂದು ವ್ಯಾನಮ್ಮ ಊಹಿಸಿದಳು, ಕಿಟಕಿಯಾಚೆ ಮೇಯುತ್ತಿದ್ದ ಆಡೊಂದು ಅವರನ್ನು ದಾಟಿ ಮುಂದೆ ಹೋಯಿತು.

"ಒತ್ತೇ! ಆಕ್ಸಿಲರೇಟರ್ ಇರೋದು ಪೂಜೆ ಮಾಡೋಕಾ? ಎಡಕ್ಕೆ! ಎಡ ಅಂದ್ರೆ ಎಡ! ನಿನ್ನ ವಯಸ್ಸಿಗೆ ನಾನು... ಗೇರ್! ಗೇರ್ ಹಾಕೇ ತಾಯಿ!"

ತುತ್ತೂರಿ ನಿಧಾನವಾಗಿ ಬ್ರೇಕು ಒತ್ತಿದಳು. ಹ್ಯಾಂಡ್ ಬ್ರೇಕು ಎಳೆದಳು. ಎಂಜಿನ್ ಆಫ್ ಮಾಡಿದಳು. ತಿರುಗಿ, ಬಹಳ ಮೆಲುದನಿಯಲ್ಲಿ, ಆದರೆ ಒಂದು ಅಕ್ಷರವೂ ನುಂಗದೆ ಕೇಳಿದಳು:

"ಆಂಟಿ, ನೀವು ಸುಮ್ಮನೆ ಕೂತ್ಕೋತೀರಾ, ಇಲ್ಲಾ ಇಳಿದು ಆ ಮರದ ಕೆಳಗೆ ಕಾಯ್ತೀರಾ?"

ವ್ಯಾನಮ್ಮನ ವ್ಯಾನಿನಲ್ಲಿ ವ್ಯಾನಮ್ಮನಿಗೇ! ಅವಳು ಕೈ ಕಟ್ಟಿ ಕೂತಳು. ವ್ಯಾನು ಆಡಿನ ಹಿಂದೆ ಹಿಂದೆ ಮೈದಾನವನ್ನು ಪೂರ್ತಿ ಒಂದು ಸುತ್ತು ಹಾಕಿತು. ಯಾವುದಕ್ಕೂ ತಾಗಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡನನ್ನು ಕೂಗಿದಳು. "ರೀ, ಬನ್ನಿ ಇಲ್ಲಿ! ಅವಳು ಇವತ್ತು ನನಗೆ ಏನಂದ್ಲು ಗೊತ್ತಾ?" ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ, ಯಾರಿಗೋ ಪದಕ ಬಂದಿರಬೇಕು ಎಂದುಕೊಂಡು ಅವನು ಟಿವಿ ಆರಿಸಿ ಎದ್ದು ಬಂದ.